ಒತ್ತಕ್ಷರದಲ್ಲಿ ಎಡವಿದ ಕಂಪ್ಯೂಟರು

‘ಪೈಥಾನ್ ಇನ್‌ಸ್ಟಾಲ್ ಮಾಡೋದೇನು ಮಹಾ? ಐದು ನಿಮಿಷದ ಕೆಲಸ. ಮನೇಲೇ ಮಾಡ್ಕೊಂಡು ಬನ್ನಿ.’ ಪ್ರೋಗ್ರಾಮಿಂಗ್ ಪಾಠ ಮಾಡುವವರ ಬಾಯಲ್ಲಿ ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ನನ್ನ ತಕರಾರಿರುವುದು ಈ ಮಾತಿನ ಮೇಲೆಯೇ.

ಅಕ್ಕನ ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಬಿಸಿಎ ಸೇರಿದ್ದಾಳೆ. ಮೊದಲ ವಾರವೇ ಫೋನ್ ಮಾಡಿ, “ಮಾಮ, ನಂಗಿದು ಬರಲ್ಲ, ಬಿಟ್‌ಬಿಡ್ತೀನಿ” ಎಂದಳು. ಅವಳಿನ್ನೂ ಒಂದು ಸಾಲು ಪ್ರೋಗ್ರಾಮನ್ನೂ ಬರೆದಿರಲಿಲ್ಲ!

ಹೋಗಿ ಅವರ ಮನೆಯ ಹಳೆಯ ಡೆಸ್ಕ್‌ಟಾಪ್ ನೋಡಿದೆ. ವಿಂಡೋಸಿನಲ್ಲಿ ಪೈಥಾನ್ ಹಾಕುವಾಗ ಮೊದಲ ಪರದೆಯ ತಳದಲ್ಲಿ, ಇದನ್ನು ‘ಪಾತ್’ಗೆ ಸೇರಿಸಬೇಕೇ ಎಂದು ಕೇಳುವ ಸಣ್ಣ ಚೌಕವಿರುತ್ತದೆ. ಅದು ಖಾಲಿ, ಟಿಕ್ ನಾವೇ ಹಾಕಬೇಕು. ಪಾತ್ ಎಂದರೆ, ನಾವು ಹೆಸರು ಟೈಪ್ ಮಾಡಿದ ಪ್ರೋಗ್ರಾಮನ್ನು ಯಾವ ಯಾವ ಫೋಲ್ಡರುಗಳಲ್ಲಿ ಹುಡುಕಬೇಕೆಂಬ ಪಟ್ಟಿ. ಟಿಕ್ ಹಾಕದಿದ್ದರೆ, ಆಗತಾನೇ ಹಾಕಿಕೊಂಡ ಪೈಥಾನೇ ‘ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ. ಬಾಡಿಗೆದಾರ ಮನೆಗೆ ಬಂದಿದ್ದಾನೆ, ಪೋಸ್ಟ್‌ಮ್ಯಾನಿಗೆ ವಿಳಾಸ ಕೊಟ್ಟಿಲ್ಲ, ಅಷ್ಟೆ.

ಅದನ್ನು ದಾಟಿದಳು. ಅಜ್ಜಿಯಿಂದ ಕೇಳಿ ಟೈಪ್ ಮಾಡಿಟ್ಟ ಗಾದೆಗಳ ಫೈಲಿನಲ್ಲಿ ಪದ ಎಣಿಸಹೊರಟಳು. ಮತ್ತೆ ಎರರ್. ನಾವು ಬೇರೆ ಹೇಳದಿದ್ದರೆ, ಅವಳ ಆವೃತ್ತಿಯ ಪೈಥಾನ್ ವಿಂಡೋಸಿನಲ್ಲಿ ಫೈಲನ್ನು ಕಂಪ್ಯೂಟರಿನ ಹಳೆಯ ಕೋಡ್ ಪೇಜಿನಂತೆ ಓದುತ್ತದೆ. ಇಂಗ್ಲಿಷಿಗೆ ಹೊಂದಿಸಿದ ಕಂಪ್ಯೂಟರಿನಲ್ಲಿ ಅದು ಸಾಮಾನ್ಯವಾಗಿ 1252, ಪಶ್ಚಿಮ ಯುರೋಪಿನ ಭಾಷೆಗಳಿಗೆ ಮಾಡಿದ್ದು. ಅವಳ ಫೈಲಿದ್ದದ್ದು ಯುಟಿಎಫ್-8ರಲ್ಲಿ. ಅಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್. ಒತ್ತಕ್ಷರ ಕೂಡಿಸುವ ಹಲಂತಕ್ಕೆ 224, 179, 141. ಈ 141ರ ಜಾಗದಲ್ಲಿ 1252ಕ್ಕೆ ಅಕ್ಷರವೇ ಇಲ್ಲ. ಹಾಗಾಗಿ ‘ಕನಕ’ ಕಲಸುಮೇಲೋಗರವಾಗಿಯಾದರೂ ಒಳಗೆ ಬರುತ್ತದೆ. ‘ಕನ್ನಡ’ ಎಂಬಲ್ಲಿ ಪ್ರೋಗ್ರಾಮೇ ನಿಂತುಬಿಡುತ್ತದೆ.

ಪರಿಹಾರ ದೊಡ್ಡದೇನಲ್ಲ. ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆದರೆ ಸಾಕು. 2008ರಲ್ಲಿ ಬಂದ ಪೈಥಾನ್ 3ರಲ್ಲಿ ವೇರಿಯಬಲ್ಲಿಗೆ ‘ಗಾದೆ’ ಎಂದು ಕನ್ನಡದಲ್ಲೇ ಹೆಸರಿಡಲೂ ಬರುತ್ತದೆ. ಆದರೆ ಇದನ್ನು ಅವಳಿಗೆ ಹೇಳಿದವರು ಯಾರು?

‘ಎರರ್ ಓದಿಕೊಂಡು ತಾವೇ ಕಲೀಲಿ, ನಾವೂ ಹಾಗೇ ಕಲಿತದ್ದು’ ಎನ್ನುವವರಿದ್ದಾರೆ. ಕಲಿಯಲಿ, ಬೇಡವೆಂದವರಾರು? ಆದರೆ ತಪ್ಪು ಎಲ್ಲಿದೆಯೆಂದು ತಿಳಿಯದ ಹುಡುಗಿ ಅದನ್ನು ತನ್ನ ಮೇಲೆ, ತಾನು ಓದಿಬಂದ ಶಾಲೆಯ ಮೇಲೆ, ಕೊನೆಗೆ ಕನ್ನಡದ ಮೇಲೆ ಹಾಕುತ್ತಾಳೆ. ‘ಐದು ನಿಮಿಷ’ ಎಂದವರು ಅವಳ ಎರಡು ದಿನವನ್ನು ದಡ್ಡತನವೆಂದು ಲೆಕ್ಕ ಹಾಕುತ್ತಾರೆ.

ಸಾಹಿತ್ಯದವರಾದ ನಾವೂ ಕಡಿಮೆಯಿಲ್ಲ. ನವೆಂಬರ್ ಬಂದರೆ ಕನ್ನಡ ತಂತ್ರಜ್ಞಾನದ ಭಾಷೆಯಾಗಬೇಕೆಂದು ಭಾಷಣ ಬಿಗಿಯುತ್ತೇವೆ. ಆ ಖಾಲಿ ಚೌಕಕ್ಕೆ ಟಿಕ್ ಹಾಕಿ ಎಂದು ತಿಳಿಗನ್ನಡದಲ್ಲಿ ಒಂದು ಪುಟ ಬರೆಯುವುದು ನಮಗೆ ಸಾಹಿತ್ಯವಾಗಿ ಕಾಣುವುದಿಲ್ಲ.

ಮೊನ್ನೆ ಮತ್ತೆ ಫೋನ್ ಬಂತು. “ಮಾಮ, ‘ಕನ್ನಡ’ ಅಂದ್ರೆ ಮೂರಕ್ಷರ ತಾನೆ? ಇದು ಐದು ಅಂತ ಎಣಿಸ್ತಿದೆ, ಯಾಕೆ?” ಈ ಪ್ರಶ್ನೆ ಕೇಳುವವಳನ್ನು ನಾವು ಬಾಗಿಲಿನಿಂದಲೇ ಕಳಿಸಿಬಿಡುತ್ತಿದ್ದೆವು. ಮೇಷ್ಟ್ರೇ, ಮೊದಲ ಲ್ಯಾಬ್ ತರಗತಿಯನ್ನು ಇನ್‌ಸ್ಟಾಲ್ ಮಾಡುವುದಕ್ಕೇ ಕೊಡಿ. ಜೊತೆಗೆ ಕೂತು, ಕನ್ನಡದಲ್ಲಿ ಹೇಳಿಕೊಡಿ.