ಒಂದೇ ಆ್ಯಪ್, ಮೂರು ಪ್ರೋಸೆಸ್: ಫೋನಿಗೆ ವೈರಸ್ ಬಂದಿದೆಯೇ?

ಫೋನಿನ ಸೆಟ್ಟಿಂಗ್ಸ್‌ನಲ್ಲಿ ಒಂದೇ ಆ್ಯಪ್ ಹೆಸರಿನಲ್ಲಿ ಎರಡು ಮೂರು ಪ್ರೋಸೆಸ್‌ಗಳು ಕಂಡರೆ ಅದು ವೈರಸ್ ಎಂದು ಯಾರಾದರೂ ಹೇಳಿದರೆ ನಂಬಬೇಕೇ? ಬೇಡ.

ಓಡುತ್ತಿರುವ ಪ್ರೋಗ್ರಾಂಗೆ ಪ್ರೋಸೆಸ್ ಎನ್ನುತ್ತಾರೆ. ಒಂದು ಪ್ರೋಸೆಸ್ ತನ್ನದೇ ಪ್ರತಿಯನ್ನು ಹುಟ್ಟಿಸುವುದು ‘ಫೋರ್ಕ್’. ಮೂಲ ಪ್ರೋಸೆಸ್ ತಾಯಿಯಾದರೆ, ಪ್ರತಿ ಮಗು. ಆಂಡ್ರಾಯ್ಡ್ ಫೋನ್ ಆನ್ ಆದಾಗ ‘ಜೈಗೋಟ್’ ಎಂಬ ಪ್ರೋಸೆಸ್ ಶುರುವಾಗುತ್ತದೆ. ನೀವು ತೆರೆಯುವ ಆ್ಯಪ್‌ಗಳು ಅದರಿಂದಲೇ ಕವಲೊಡೆಯುತ್ತವೆ. ಒಂದು ಭಾಗ ಕೆಟ್ಟರೂ ಉಳಿದದ್ದು ನಡೆಯಲಿ ಎಂದು ಕೆಲವು ಆ್ಯಪ್‌ಗಳು ಕೆಲಸವನ್ನು ಹಲವು ಪ್ರೋಸೆಸ್‌ಗಳಿಗೆ ಹಂಚುತ್ತವೆ.

ನಿಜವಾದ ಕಷ್ಟ ಇರುವುದು ದೋಷ ಹುಡುಕುವ ಎಂಜಿನಿಯರ್‌ಗೆ. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿ, 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರದ ನೀರು ಎಡನಾಲೆ, ಬಲನಾಲೆಗಳಲ್ಲಿ ಹರಿಯುತ್ತದೆ. ಎಡನಾಲೆಯ ಕೊನೆಯ ತೋಟಕ್ಕೆ ನೀರು ಬಾರದಿದ್ದಾಗ ನೀರುಗಂಟಿ ಬಲನಾಲೆಯುದ್ದಕ್ಕೂ ನಡೆದರೆ ಏನು ಸಿಕ್ಕೀತು? ಪ್ರೋಗ್ರಾಂ ತಡೆದು ನಿಲ್ಲಿಸಿ ತಪ್ಪು ಹುಡುಕುವ ‘ಡಿಬಗರ್’ ಸಾಧನದ ಪಾಡೂ ಇದೇ. ಅದು ತಾಯಿಯ ಹಿಂದೆ ಹೋದರೆ ಮಗುವಿನ ತಪ್ಪು ಕಾಣುವುದಿಲ್ಲ.

ಇನ್ನೊಂದು ಅಪಾಯವೂ ಇದೆ. ‘ಇಲ್ಲಿ ನಿಲ್ಲು’ ಎಂದು ಹೇಳಲು ಡಿಬಗರ್ ಸಾಮಾನ್ಯವಾಗಿ ಮೆಮೊರಿಯಲ್ಲಿರುವ ಪ್ರೋಗ್ರಾಂನಲ್ಲೇ ಗುರುತು ಹಾಕುತ್ತದೆ. ನಾಲೆಯಲ್ಲಿ ನೀರು ಭಾಗವಾಗುತ್ತದೆ. ಫೋರ್ಕ್‌ನಲ್ಲಿ ಎಲ್ಲವೂ ನಕಲಾಗುತ್ತದೆ, ಆ ಗುರುತೂ ಸೇರಿ. ಕಾವಲಿಲ್ಲದ ಮಗು ಆ ಗುರುತನ್ನು ಮುಟ್ಟಿದರೆ ಕ್ರ್ಯಾಶ್ ಆಗುತ್ತದೆ. ತಪ್ಪು ಹುಡುಕಲು ಬಂದವನೇ ಹೊಸ ತಪ್ಪು ಮಾಡಿದಂತೆ!

ಹಾಗಾಗಿ ಡಿಬಗರ್‌ಗೆ ಮೂರು ವಿದ್ಯೆ ಬೇಕು: ಮಗು ಹುಟ್ಟಿದ ಕ್ಷಣವೇ ತಿಳಿಯಬೇಕು, ಯಾರ ಹಿಂದೆ ಹೋಗಬೇಕೆಂದು ಎಂಜಿನಿಯರ್ ಆಯ್ಕೆ ಮಾಡುವಂತಿರಬೇಕು, ಬಿಟ್ಟುಕೊಡುವ ಪ್ರೋಸೆಸ್‌ನಿಂದ ಗುರುತುಗಳನ್ನು ಅಳಿಸಬೇಕು. 1986ರಲ್ಲಿ ಹುಟ್ಟಿದ ‘ಜಿಡಿಬಿ’ಗೆ ಈ ವಿದ್ಯೆ ಬಹಳ ಹಿಂದೆಯೇ ಬಂದಿತ್ತು. ಆಂಡ್ರಾಯ್ಡ್ ಆ್ಯಪ್ ತಯಾರಕರೂ ಬಳಸುವ ‘ಎಲ್‌ಎಲ್‌ಡಿಬಿ’ಗೆ ಇದನ್ನು ಸೇರಿಸಿದ್ದು 2021ರಲ್ಲಿ.

ಹಾಗಾದರೆ ನೀವು ಏನು ಮಾಡಬೇಕು? ಕೆಟ್ಟ ಆ್ಯಪ್ ಕೂಡ ಹಲವು ಪ್ರೋಸೆಸ್ ನಡೆಸಬಹುದು, ಒಳ್ಳೆಯದೂ ನಡೆಸಬಹುದು. ಬರೀ ಸಂಖ್ಯೆಯಿಂದ ಏನೂ ಸಾಬೀತಾಗದು. ಆ್ಯಪ್ ಎಲ್ಲಿಂದ ಬಂತು, ಯಾವ ಅನುಮತಿ ಕೇಳಿದೆ, ಎಷ್ಟು ಡೇಟಾ ಬಳಸುತ್ತಿದೆ ಎಂಬುದನ್ನು ನೋಡಿ. ಸಂಖ್ಯೆಗೆ ಹೆದರಿ ಅಪರಿಚಿತ ಲಿಂಕ್‌ನಿಂದ ‘ಕ್ಲೀನರ್’ ಹಾಕಿಕೊಂಡರೆ ಇಲ್ಲದ ವೈರಸ್ಸನ್ನು ನೀವೇ ಕರೆತಂದಂತಾದೀತು. ಆ್ಯಪ್ ಪದೇ ಪದೇ ಕ್ರ್ಯಾಶ್ ಆದರೆ ಅಪ್‌ಡೇಟ್ ಮಾಡಿ, ದೋಷದ ವರದಿ ಕಳುಹಿಸಿ. ಎಂಜಿನಿಯರ್ ಯಾವ ನಾಲೆಯಲ್ಲಿ ಹುಡುಕಬೇಕೆಂದು ಅದರಿಂದ ಗೊತ್ತಾಗಬಹುದು.