ಬೋರ್ ಪಾಯಿಂಟ್ ಮೆಷಿನ್ ಅಳೆಯುವುದೇನನ್ನು?

ನಂಜನಗೂಡಿನಲ್ಲಿ ಕಪಿಲೆ ಹರಿಯುತ್ತಾಳೆ, ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಆದರೂ ಈ ತಾಲ್ಲೂಕುಗಳಲ್ಲಿ ನಾಲೆಯ ನೀರು ಹತ್ತದ ಹೊಲಗಳಿಗೆ ಕೊಳವೆಬಾವಿಯೇ ಗತಿ. ಕೊರೆಸುವ ಮೊದಲು ಕೆಲವರು ತೆಂಗಿನಕಾಯಿ ಹಿಡಿಸುತ್ತಾರೆ, ಕೆಲವರು ಜಿಯಾಲಜಿಸ್ಟರನ್ನು ಕರೆಸಿ ಮೆಷಿನ್ ಇಡಿಸುತ್ತಾರೆ. ಮೆಷಿನ್ ಇಟ್ಟೂ ಬೋರ್ ಫೇಲಾದರೆ ಸಾಲ ಮಾತ್ರ ಉಳಿಯುತ್ತದೆ. ಹಾಗಾಗಿ ಆ ಮೆಷಿನ್ ಏನು ಹೇಳಬಲ್ಲದು, ಏನು ಹೇಳಲಾರದು ಎಂಬುದು ರೈತನಿಗೆ ಗೊತ್ತಿರಲೇಬೇಕು.

ಅದು ನೀರನ್ನು ಕಾಣುವುದಿಲ್ಲ. ಅಳೆಯುವುದು ನೆಲದ ರೋಧಶೀಲತೆಯನ್ನು. ತಂತಿ ಉದ್ದವಾದಷ್ಟೂ ಅದರ ರೋಧ ಹೆಚ್ಚು, ದಪ್ಪವಾದಷ್ಟೂ ಕಡಿಮೆ ಎಂದು ಶಾಲೆಯಲ್ಲಿ ಓದಿದ್ದೇವೆ. ಉದ್ದ, ದಪ್ಪಗಳ ಲೆಕ್ಕ ಕಳೆದ ಮೇಲೆ ಆ ವಸ್ತುವಿನದೇ ಆಗಿ ಉಳಿಯುವ ಗುಣವೇ ರೋಧಶೀಲತೆ. ಅದನ್ನು ಓಮ್-ಮೀಟರಿನಲ್ಲಿ ಹೇಳುತ್ತಾರೆ.

ಹೊಲದಲ್ಲಿ ಒಂದೇ ಸಾಲಿನಲ್ಲಿ ನಾಲ್ಕು ಸಲಾಕೆ ನೆಡುತ್ತಾರೆ. ಹೊರಗಿನ ಎರಡರಿಂದ ನೆಲಕ್ಕೆ ಕರೆಂಟು ಹರಿಸಿ, ಒಳಗಿನ ಎರಡರ ನಡುವಿನ ವೋಲ್ಟೇಜು ನೋಡುತ್ತಾರೆ. ಹೊರಗಿನ ಸಲಾಕೆಗಳನ್ನು ದೂರ ಸರಿಸುತ್ತ ಹೋದಂತೆ ಕರೆಂಟು ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಫ್ರಾನ್ಸಿನ ಕಾನ್ರಾಡ್ ಶ್ಲುಂಬರ್ಜೆ 1912ರ ಸುಮಾರಿನಲ್ಲಿ ಆರಂಭಿಸಿದ ಪ್ರಯೋಗಗಳಿಂದ ಬೆಳೆದ ವಿಧಾನವಿದು.

ಬಿರುಕಿಲ್ಲದ ಒಣ ಬಂಡೆಯ ರೋಧಶೀಲತೆ ಸಾವಿರಾರು ಓಮ್-ಮೀಟರ್. ಲವಣ ಕರಗಿದ ನೀರು ಬಿರುಕುಗಳಲ್ಲಿ ನಿಂತಿದ್ದರೆ ಕರೆಂಟಿಗೆ ದಾರಿ ಸಿಕ್ಕು ಅಂಕಿ ಇಳಿಯುತ್ತದೆ. ತೊಡಕಿರುವುದು ಇಲ್ಲೇ: ಜೇಡಿಮಣ್ಣಿನಲ್ಲೂ ಅಂಕಿ ಇಳಿಯುತ್ತದೆ, ಹತ್ತಕ್ಕೂ ಕೆಳಗೆ ಹೋಗಬಹುದು. ಆದರೆ ಜೇಡಿ ತನ್ನಲ್ಲಿರುವ ನೀರನ್ನು ಬೋರಿಗೆ ಬಿಟ್ಟುಕೊಡುವುದಿಲ್ಲ. ಎರೆಭೂಮಿಯಲ್ಲಿ ಸಣ್ಣ ಅಂಕಿ ಬಂದ ಮಾತ್ರಕ್ಕೆ ಹಿಗ್ಗಬಾರದು. ಉಪ್ಪುನೀರಿದ್ದರೂ ಹೀಗೆಯೇ. ಇನ್ನೊಂದು ಕಡೆ, ಮುನ್ನೂರು ಅಡಿ ಆಳದ ಬಂಡೆಯಲ್ಲಿ ಬೆರಳಗಲದ ಬಿರುಕೊಂದರಲ್ಲಿ ಒಳ್ಳೆಯ ನೀರಿದ್ದರೂ ಮೇಲಿನಿಂದ ತೆಗೆದ ಅಳತೆಯಲ್ಲಿ ಅದು ಗೋಚರಿಸದೇ ಹೋಗಬಹುದು. ಸಿಗುವ ಅಂಕಿ ಸುತ್ತಲಿನ ನೆಲದ್ದನ್ನೆಲ್ಲ ಬೆರೆಸಿದ್ದು.

ಇಷ್ಟಾದರೂ ಕಾಯಿ ಹಿಡಿಸುವುದಕ್ಕಿಂತ ಇದೇ ಮೇಲು ಎಂದು ನಾನು ಖಂಡಿತ ಹೇಳುತ್ತೇನೆ. ಕಾಯಿಗೆ ಅಳತೆಯಿಲ್ಲ, ಇಲ್ಲಿ ಪರೀಕ್ಷಿಸಿ ನೋಡಬಹುದಾದ ಅಳತೆಯಿದೆ. ಪಾಯಿಂಟ್ ಮಾಡುವವರು ಹೊಲದ ಒಂದೇ ಜಾಗಕ್ಕೆ ಕಲ್ಲು ನೆಟ್ಟು ಹೊರಟರೆ ತಡೆದು ನಿಲ್ಲಿಸಿ. ಎರಡು ಮೂರು ಕಡೆ ಅಳೆಯಿಸಿ. ಪಕ್ಕದ ಹೊಲದಲ್ಲಿ ನೀರು ಕೊಡುತ್ತಿರುವ ಬೋರಿನ ಬಳಿಯೂ ಒಮ್ಮೆ ಅಳೆಯಿಸಿ, ಅಲ್ಲಿ ಎಷ್ಟು ಅಡಿಗೆ ಕಲ್ಲು ಸಿಕ್ಕಿತು, ಎಷ್ಟಕ್ಕೆ ನೀರು ಬಿತ್ತು ಎಂದು ಕೇಳಿ ಹೋಲಿಸಿ. ಅಂಕಿಗಳ ಗ್ರಾಫ್ ಹಾಳೆಯನ್ನು ಕೇಳಿ ಪಡೆದು ಪಹಣಿಯ ಜೊತೆ ಇಟ್ಟುಕೊಳ್ಳಿ. ಮುಂದೆ ಬೇರೆ ಬೋರ್ ಕೊರೆಸುವಾಗ, ಈಗಿನದು ಫೇಲಾಗಿದ್ದರೂ, ಆ ಹಾಳೆ ಉಪಯೋಗಕ್ಕೆ ಬರುತ್ತದೆ.