ಬಸಿರಿನ ರಕ್ತಸ್ರಾವ ಮತ್ತು ಮನೆತನದ ನೆನಪು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ನಮ್ಮ ಮನೆಗಳಲ್ಲಿ ಸಂಬಂಧ ಕೂಡಿಸುವಾಗ ಮನೆತನ, ಬೆಡಗು, ಗುರುಮಠಗಳನ್ನು ವಿಚಾರಿಸುವುದು ವಾಡಿಕೆ. ಆದರೆ ಹಲ್ಲು ಕೀಳಿಸಿದಾಗ ದಿನಗಟ್ಟಲೆ ರಕ್ತ ನಿಲ್ಲದವರು ಆ ಮನೆತನದಲ್ಲಿದ್ದರೇ, ಮೇಲಿಂದ ಮೇಲೆ ಗರ್ಭ ಇಳಿದವರಿದ್ದರೇ ಎಂದು ಕೇಳುವವರು ವಿರಳ. ಮುಂದೆ ಸೊಸೆಗೆ ಬಸಿರಿನ ಮೊದಲ ತಿಂಗಳುಗಳಲ್ಲಿ ರಕ್ತ ಕಾಣಿಸಿಕೊಂಡಾಗ ಮಾತ್ರ ತಪ್ಪೆಲ್ಲವೂ ಆಕೆಯ ತಲೆಗೆ ಬರುತ್ತದೆ.

ಸತ್ಯ ಸಂಗತಿ ಬೇರೆಯೇ ಇದೆ. ಮೊದಲ ಮೂರು ತಿಂಗಳಲ್ಲಿ ಸುಮಾರು ನಾಲ್ವರು ಗರ್ಭಿಣಿಯರಲ್ಲಿ ಒಬ್ಬರಿಗೆ ಅಲ್ಪಸ್ವಲ್ಪವಾದರೂ ರಕ್ತ ಕಾಣಿಸುತ್ತದೆ. ಅವರಲ್ಲಿ ಅನೇಕರ ಬಸಿರು ಸುಖವಾಗಿ ಮುಂದುವರಿಯುತ್ತದೆ. ಆರಂಭದಲ್ಲೇ ನಿಂತುಹೋಗುವ ಗರ್ಭಗಳ ಪೈಕಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. 46 ಇರಬೇಕಾದಲ್ಲಿ ಒಂದು ಹೆಚ್ಚಾಗಿಯೋ ಕಡಿಮೆಯಾಗಿಯೋ ಬಂದಿರುತ್ತದೆ. ಇದು ಬಹುಮಟ್ಟಿಗೆ ಆಕಸ್ಮಿಕ, ವಂಶದಿಂದ ಇಳಿದುಬಂದುದಲ್ಲ. ಅವಳು ಕೊಡ ಎತ್ತಿದಳೆಂದೋ ಅಡಕೆ ಸುಲಿದಳೆಂದೋ ಆಗುವಂಥದೂ ಅಲ್ಲ.

ವಂಶದಿಂದ ಬರುವ ಕಾರಣಗಳೂ ಉಂಟು, ಅವು ಕಡಿಮೆ. ಮತ್ತೆ ಮತ್ತೆ ಗರ್ಭಪಾತವಾಗುವ ದಂಪತಿಗಳಲ್ಲಿ ನೂರಕ್ಕೆ ಎರಡರಿಂದ ಐದು ಜೋಡಿಗಳಲ್ಲಿ, ಒಬ್ಬರ ವರ್ಣತಂತುವಿನ ತುಣುಕು ಸ್ಥಾನ ಬದಲಿಸಿಕೊಂಡಿರುತ್ತದೆ. ಆ ಒಬ್ಬರು ಗಂಡನೂ ಆಗಿರಬಹುದು. ಆದುದರಿಂದ ಪರೀಕ್ಷೆಗೆ ಇಬ್ಬರೂ ಹೋಗಬೇಕು.

ಇನ್ನು ಕೆಲವು ಮನೆತನಗಳಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳೇ ಕೊರೆಯಾಗಿರುತ್ತವೆ. ಫಿನ್ಲೆಂಡಿನ ವೈದ್ಯ ವಾನ್ ವಿಲ್ಲೆಬ್ರಾಂಡ್ 1926ರಲ್ಲಿ ವಿವರಿಸಿದ, ಅವನ ಹೆಸರನ್ನೇ ಹೊತ್ತ ವ್ಯಾಧಿ ಇವುಗಳಲ್ಲಿ ಹೆಚ್ಚು ಸಾಮಾನ್ಯ. ಮೈನೆರೆದಂದಿನಿಂದ ಮುಟ್ಟಿನ ಸ್ರಾವ ಅತಿಯಾಗಿರುವುದು ಅದರ ಮುಖ್ಯ ಲಕ್ಷಣ. ಬಹು ವಿರಳವಾದುದು ಹದಿಮೂರನೆಯ ಅಂಶದ ಕೊರತೆ. ತಂದೆ ತಾಯಿ ಇಬ್ಬರಿಂದಲೂ ದೋಷ ಬಂದಾಗ ಮಾತ್ರ ಇದು ಪ್ರಕಟವಾಗುತ್ತದೆ. ಆದುದರಿಂದಲೇ ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತರುವ ಕುಟುಂಬಗಳಲ್ಲಿ ಇದರ ಸಂಭವ ಹೆಚ್ಚು. ಹೊಕ್ಕುಳಬಳ್ಳಿಯ ಬುಡದಿಂದ ರಕ್ತ ಜಿನುಗುವುದು ಶಿಶುವಿನಲ್ಲಿ ಕಾಣುವ ಮೊದಲ ಗುರುತು. ಅದನ್ನು ಬಲ್ಲವರು ಮನೆಯ ಅಜ್ಜಿಯರೇ. ಚಿಕಿತ್ಸೆಯಿಲ್ಲದಿದ್ದರೆ ಇಂಥ ಹೆಣ್ಣುಮಕ್ಕಳ ಬಸಿರು ನಿಲ್ಲುವುದು ಕಷ್ಟ. ಕೊರತೆಯಾದ ಅಂಶವನ್ನು ಕಾಲಕಾಲಕ್ಕೆ ತುಂಬಿದರೆ ತಾಯಂದಿರಾಗಬಲ್ಲರು. ಹೆಪ್ಪುಗಟ್ಟುವಿಕೆಯ ಸಾಮಾನ್ಯ ಪರೀಕ್ಷೆಗಳಲ್ಲಿ ಇದು ಗೋಚರಿಸುವುದಿಲ್ಲ. ಬೇರೆ ಪರೀಕ್ಷೆ ಬೇಕು. ಹಾಗಾಗಿ ಅಜ್ಜಿಯ ನೆನಪು ವೈದ್ಯರಿಗೆ ದಾರಿದೀಪವಾಗುತ್ತದೆ.

ರಕ್ತಸ್ರಾವದ ವ್ಯಾಧಿಗಳನ್ನು ಕುರಿತು ನಾಡಿನಲ್ಲಿ ತಿಳಿವಳಿಕೆ ಬೆಳೆಸಿದ ಡಾ. ಸುರೇಶ ಹನಗವಾಡಿಯವರು ಸ್ವತಃ ಹಿಮೊಫಿಲಿಯಾ ಪೀಡಿತರು. ದಾವಣಗೆರೆಯಲ್ಲಿ ಅವರು ಕಟ್ಟಿದ ಸಂಸ್ಥೆ, ಮುಚ್ಚಿಟ್ಟ ನೋವನ್ನು ಬಾಯಿಬಿಟ್ಟು ಹೇಳಿದರೆ ಎಷ್ಟು ಜನಕ್ಕೆ ಹಿತವಾಗುತ್ತದೆಂಬುದಕ್ಕೆ ಸಾಕ್ಷಿ.

ಹೇಳಲು ನಾಚಿಕೆಯೇಕೆ? ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನೂ ಶರಣರು ನಿರಾಕರಿಸಿದರು. ಇಷ್ಟಲಿಂಗ ಧರಿಸಿದ ಹೆಣ್ಣಿನ ರಕ್ತ ಮೈಲಿಗೆಯಲ್ಲವೆಂದ ಮೇಲೆ, ಅದನ್ನು ಅತ್ತೆಯಿಂದ, ಗಂಡನಿಂದ ಮುಚ್ಚಿಡುವ ಪ್ರಸಂಗವೇ ಬರಬಾರದು. ತತ್ತ್ವವನ್ನು ಮಠದಲ್ಲಿ ಕೇಳಿ ಮನೆಯಲ್ಲಿ ಮರೆತರೆ ಫಲವೇನು?

ಮಲೆನಾಡಿಗರು ಒಂದು ಎಚ್ಚರ ವಹಿಸಬೇಕು. ಮುಂಗಾರಿನಲ್ಲಿ ಮರ ಉರುಳಿ ದಾರಿ ಕಟ್ಟುವುದುಂಟು. ಹೆಚ್ಚಿನ ಚಿಕಿತ್ಸೆಗೆ ಶಿವಮೊಗ್ಗೆಗೋ, ಘಟ್ಟವಿಳಿದು ಮಣಿಪಾಲಕ್ಕೋ ಹೋಗಬೇಕಾದೀತು. ಆದುದರಿಂದ ಬಸಿರು ತಿಳಿದೊಡನೆ ತಾಲೂಕು ಆಸ್ಪತ್ರೆಯಲ್ಲಿ ಹೆಸರು ಬರೆಸಿ, ಎರಡೂ ಮನೆತನಗಳ ರಕ್ತಸ್ರಾವದ ವೃತ್ತಾಂತವನ್ನು ಹೇಳಿರಿ. ರಕ್ತದ ಗುಂಪನ್ನು ತಿಳಿದಿಟ್ಟುಕೊಳ್ಳಿರಿ. ತಾಯಿಯದು ನೆಗೆಟಿವ್ ಆಗಿದ್ದರೆ ರಕ್ತ ಕಂಡಾಗ ಆ ಮಾತನ್ನು ತಪ್ಪದೆ ವೈದ್ಯರಿಗೆ ತಿಳಿಸಿರಿ. ಮುಂದಿನ ಮಗುವಿನ ರಕ್ಷಣೆಗೆ 72 ಗಂಟೆಗಳೊಳಗೆ ಚುಚ್ಚುಮದ್ದು ಬೇಕಾಗಬಹುದು. ರಕ್ತ ಹೆಚ್ಚಾಗಿ ಹೋದರೆ, ಹೊಟ್ಟೆಯ ಒಂದು ಪಕ್ಕದಲ್ಲಿ ಅಥವಾ ಹೆಗಲಲ್ಲಿ ತೀವ್ರ ನೋವು ಬಂದರೆ, ತಲೆ ಸುತ್ತಿ ಬಿದ್ದರೆ, ಕಷಾಯ ಕಾಯಿಸುತ್ತ ಕೂರದೆ ಆ ಕ್ಷಣವೇ ಹೊರಡಿರಿ.

ಗರ್ಭ ಇಳಿದು ಮನೆಗೆ ಮರಳಿದ ಮಗಳಿಗೆ ಬೇಕಾದುದು ವಿಚಾರಣೆಯಲ್ಲ. ಬಿಸಿಯೂಟ, ವಿಶ್ರಾಂತಿ, ತಪ್ಪು ನಿನ್ನದಲ್ಲವೆಂಬ ಒಂದು ಮಾತು. ದಯೆಯೇ ಧರ್ಮದ ಮೂಲವೆಂದು ನಂಬಿದವರು ಮೊದಲು ಅದನ್ನು ತಮ್ಮ ಪಡಸಾಲೆಯಲ್ಲಿ ಆಚರಿಸಲಿ.